ಘಟ್ಟ ಇಳಿಯುವ ಗಾಡಿಗೆ ಹಿಂದಿನ ಬ್ರೇಕು, ಕಮಾನು ಪಟ್ಟಿಗಳ ಆರೈಕೆ

ತಾಳವಾಡಿ ಸೀಮೆಯ ರೈತ ಬಾಂಧವರಿಗೆ ದಿಂಬಂ ಘಟ್ಟದ ಪರಿಚಯ ಹೇಳಬೇಕಾದುದಿಲ್ಲ. ಟೊಮೇಟೊ ಆಗಲಿ, ಕೋಸಾಗಲಿ, ಬಾಳೆಗೊನೆಯಾಗಲಿ ಸತ್ಯಮಂಗಲದ ಪೇಟೆ ಸೇರಬೇಕಾದರೆ 27 ತಿರುವುಗಳನ್ನು ಇಳಿದು ಬಣ್ಣಾರಿ ಮುಟ್ಟಬೇಕು. ಹಿಂದೆ ಎತ್ತಿನ ಗಾಡಿ ಹೂಡುವ ಮುನ್ನ ಹಿರಿಯರು ಕಡಾಣಿ ನೋಡಿ, ಕೀಲೆಣ್ಣೆ ಹಾಕಿ ಹೊರಡುತ್ತಿದ್ದರು. ಈಗ ಪಿಕಪ್ ಗಾಡಿಗಳು ಬಂದಿವೆ. ಹೊರಡುವ ಮುಂಚೆ ನೋಡುವ ಅಭ್ಯಾಸ ಮಾತ್ರ ಕಡಿಮೆಯಾಗಿದೆ. ಹಳೆಯ ಗಾಡಿಯ ಹಿಂದಿನ ಬ್ರೇಕನ್ನೂ ಕಮಾನು ಪಟ್ಟಿಯನ್ನೂ ಅಂಗಳದಲ್ಲಿಯೇ ಪರೀಕ್ಷಿಸುವ ಕ್ರಮವನ್ನು ಇಲ್ಲಿ ತಿಳಿಸುತ್ತೇವೆ.

ಮೊದಲು ಎಚ್ಚರಿಕೆ

ಗಾಡಿ ಖಾಲಿಯಾಗಿರಲಿ, ನೆಲ ಸಮವಾಗಿರಲಿ. ಡ್ರಮ್ಮು ಬಿಚ್ಚಲು ಹ್ಯಾಂಡ್ ಬ್ರೇಕ್ ಸಡಿಲಿಸಬೇಕಾಗುತ್ತದೆ. ಆದಕಾರಣ ಮುಂದಿನ ಎರಡು ಚಕ್ರಗಳಿಗೂ ಹಿಂದೆ ಮುಂದೆ ಕಲ್ಲು ಕೊಡತಕ್ಕದ್ದು. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಕೂಡದು. ಅಚ್ಚಿನ ಕೆಳಗೆ ಗಟ್ಟಿ ಸ್ಟ್ಯಾಂಡನ್ನೋ ದಪ್ಪ ಮರದ ದಿಮ್ಮಿಯನ್ನೋ ಇಡಬೇಕು. ಇಟ್ಟಿಗೆ ಸಿಡಿಯುತ್ತದೆ, ಬೇಡ.

ಡ್ರಮ್ಮಿನ ಒಳಗೆ

ಡ್ರಮ್ಮು ಬಾರದಿದ್ದರೆ ಒಳಗಿನ ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಿ ಸಡಿಲಿಸಬೇಕು. ಒಳಗಿನ ಧೂಳನ್ನು ಊದಬಾರದು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಆಸ್ಬೆಸ್ಟಾಸ್ ಇರುವುದುಂಟು. ಒದ್ದೆ ಬಟ್ಟೆಯಿಂದ ಒರೆಸುವುದು ಕ್ಷೇಮ.

ಲೈನಿಂಗು ಸವೆದು ಒಂದೂವರೆ ಮಿಲಿಮೀಟರಿಗೆ ಬಂದಿದ್ದರೆ, ಇಲ್ಲವೆ ರಿವೆಟ್ಟಿನ ತಲೆಗೆ ಸಮೀಪಿಸಿದ್ದರೆ ಬದಲಾಯಿಸತಕ್ಕದ್ದು. ಒಂದು ಚಕ್ರಕ್ಕೆ ಹಾಕಿ ಇನ್ನೊಂದನ್ನು ಬಿಟ್ಟರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ; ಎರಡೂ ಕಡೆ ಒಟ್ಟಿಗೆ ಹಾಕಬೇಕು. ಆದರೆ ಬಿಚ್ಚುವುದು ಒಂದೊಂದೇ ಕಡೆ. ಯಾವ ಸ್ಪ್ರಿಂಗ್ ಎಲ್ಲಿತ್ತೆಂದು ಮರೆತರೆ ಇನ್ನೊಂದು ಕಡೆ ನೋಡಿ ತಿಳಿಯಬಹುದು.

ಚಕ್ರದ ಸಿಲಿಂಡರಿನ ರಬ್ಬರ್ ಟೊಪ್ಪಿಯ ಅಂಚನ್ನು ಮೆಲ್ಲಗೆ ಎತ್ತಿ ನೋಡಿರಿ. ಒಳಗೆ ಒದ್ದೆಯಿದ್ದರೆ ಸಿಲಿಂಡರ್ ಸೋರುತ್ತಿದೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಿಂದ ತೊಳೆದು ಮತ್ತೆ ಹಾಕುವವರಿದ್ದಾರೆ. ಬಿಸಿಯೇರಿದಾಗ ಅದು ಮತ್ತೆ ಎಣ್ಣೆ ಕಾರುತ್ತದೆ. ಅದನ್ನು ಎಸೆಯುವುದೇ ಸರಿ.

ಜೋಡಿಸಿದ ಮೇಲೆ, ಚಕ್ರ ತಿರುಗಿಸುತ್ತ ಅಡ್ಜಸ್ಟರನ್ನು ಬಿಗಿಮಾಡಿ, ಲೈನಿಂಗು ತಾಗಿದೊಡನೆ ಚಕ್ರ ಸರಾಗವಾಗಿ ತಿರುಗುವಷ್ಟು ಹಿಂದಕ್ಕೆ ಬಿಡಬೇಕು. ಹ್ಯಾಂಡ್ ಬ್ರೇಕಿನ ಕೇಬಲ್ ಬಿಗಿಮಾಡುವುದು ಅನಂತರದ ಕೆಲಸ. ಇದನ್ನು ತಿರುವುಮುರುವು ಮಾಡಿದರೆ ಲೈನಿಂಗು ಉಜ್ಜಿ ಡ್ರಮ್ಮು ಕಾಯುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ಆಯಿಲ್ ಉದ್ದದ ಇಳಿಜಾರಿನ ಬಿಸಿಗೆ ಬೇಗ ಕುದಿದು ಆವಿಯಾಗುತ್ತದೆ. ಆಗ ಪೆಡಲ್ ತುಳಿದರೂ ಗಾಡಿ ನಿಲ್ಲದು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಿ ಗಾಳಿ ತೆಗೆಸಬೇಕು. ಈ ಕೆಲಸವನ್ನೂ ಸಿಲಿಂಡರ್ ಬದಲಾವಣೆಯನ್ನೂ ಬಲ್ಲ ಮೆಕ್ಯಾನಿಕ್ಕಿಗೇ ಒಪ್ಪಿಸಿರಿ.

ಕಮಾನು ಪಟ್ಟಿ

ಪಟ್ಟಿಗಳನ್ನು ಒರೆಸಿ, ಬಿರುಕು ಬಿಟ್ಟಿದೆಯೇ, ಜರುಗಿದೆಯೇ, ಒಂದು ಪಕ್ಕ ಕುಸಿದಿದೆಯೇ ಎಂದು ನೋಡಬೇಕು. ಯು ಬೋಲ್ಟು ಸಡಿಲವಾದರೆ ನಡುವಿನ ಬೋಲ್ಟು ಮುರಿದು ಅಚ್ಚೇ ಜರುಗೀತು. ಹೊಸ ಬೋಲ್ಟು ಹಾಕಿಸಿದವರು ಕೆಲವು ದಿನ ಗಾಡಿ ಓಡಿದ ಮೇಲೆ ಮತ್ತೊಮ್ಮೆ ಬಿಗಿಮಾಡಿಸತಕ್ಕದ್ದು.

ಕೀಲೆಣ್ಣೆಯ ರೂಢಿಯಿಂದ ಕೆಲವರು ರಬ್ಬರ್ ಬುಷ್‌ಗಳಿಗೂ ಹಳೆಯ ಎಂಜಿನ್ ಆಯಿಲ್ ಸುರಿಯುತ್ತಾರೆ. ಅದರಿಂದ ರಬ್ಬರ್ ಉಬ್ಬಿ ಕೆಡುತ್ತದೆ. ಗ್ರೀಸ್ ನಿಪ್ಪಲ್ ಇರುವ ಕಡೆ ಮಾತ್ರ ಗ್ರೀಸ್ ಹಾಕಿರಿ. ಹೊಸ ರಬ್ಬರ್ ಬುಷ್ ಹಾಕಿದಾಗ, ಚಕ್ರ ನೆಲಕ್ಕಿಳಿದು ಗಾಡಿಯ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಕೊಡಬೇಕು. ಇಲ್ಲವಾದರೆ ರಬ್ಬರ್ ತಿರುಚಿಕೊಂಡು ಹರಿಯುತ್ತದೆ. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಇಳಿದಿದ್ದರೆ ಅದರ ಆಯುಸ್ಸು ಮುಗಿಯಿತೆಂದೇ ತಿಳಿಯತಕ್ಕದ್ದು.

ಹೆಚ್ಚಿನ ಪಟ್ಟಿಯ ಅಪಾಯ

ಹೆಚ್ಚು ಹೊರೆ ಹೇರಲೆಂದು ಇನ್ನೊಂದು ಪಟ್ಟಿ ಸೇರಿಸುವ ವಾಡಿಕೆಯಿದೆ. ಇದು ಬ್ರೇಕಿಗೂ ತಟ್ಟುವ ಸಂಗತಿಯೆಂಬುದನ್ನು ಬಹಳ ಜನ ಅರಿಯರು. ಅನೇಕ ಪಿಕಪ್ ಗಾಡಿಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ಕಡ್ಡಿಯೂ ಅದಕ್ಕೆ ತಗುಲಿದ ವಾಲ್ವೂ ಇರುತ್ತವೆ. ಹೊರೆ ಬಿದ್ದು ಗಾಡಿ ತಗ್ಗಿದರೆ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುವುದು ಈ ವಾಲ್ವಿನ ಕೆಲಸ. ಪಟ್ಟಿ ಹೆಚ್ಚಿಸಿದರೆ ಹೊರೆಯಿದ್ದರೂ ಗಾಡಿ ಸಾಕಷ್ಟು ತಗ್ಗದು. ವಾಲ್ವು ಗಾಡಿ ಖಾಲಿಯಿರುವಂತೆಯೇ ನಡೆದುಕೊಳ್ಳುತ್ತದೆ. ಹೊರೆ ಹೆಚ್ಚಿ ಬ್ರೇಕು ಕಡಿಮೆಯಾದರೆ ಘಟ್ಟದಲ್ಲಿ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಂಪೆನಿ ಕೊಟ್ಟಷ್ಟೇ ಪಟ್ಟಿ, ಗಾಡಿಗೆ ಹೇಳಿದಷ್ಟೇ ಹೊರೆ ಇರಲಿ.

ಕೆಲಸ ಮುಗಿದ ಮೇಲೆ ಪೆಡಲನ್ನು ಹಲವು ಸಲ ತುಳಿದು, ಅದು ಗಟ್ಟಿಯಾಗಿ ನಿಂತರೆ ಮಾತ್ರ ಗಾಡಿ ಹೊರಡಿಸಿ, ಮೊದಲು ಊರ ಸಮತಟ್ಟು ರಸ್ತೆಯಲ್ಲಿ ಓಡಿಸಿ ನೋಡಿರಿ. ಘಟ್ಟದಲ್ಲಿ ಕೆಳ ಗೇರಿನಲ್ಲಿಯೇ ಇಳಿಯಿರಿ; ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಕೂಡದು. ಪೇಟೆಯ ಧಾರಣೆ ನಮ್ಮ ಕೈಯಲ್ಲಿಲ್ಲ. ಗಾಡಿಯ ಬ್ರೇಕು ನಮ್ಮ ಕೈಯಲ್ಲಿದೆ.