ಲೈಸೆನ್ಸ್ ಬಂತು, ಇನ್ನು ಕೈ ಕುದುರಬೇಕು

ಕಲಘಟಗಿ ತಾಲ್ಲೂಕಿನ ತಂಬೂರಿನಂಥ ಊರಲ್ಲಿ ಡ್ರೈವಿಂಗ್ ಲೈಸೆನ್ಸ್ ಮನೆ ಸೇರಿತೆಂದರೆ ಕೆಲಸಗಳೂ ಬೆನ್ನು ಹತ್ತುತ್ತವೆ. ಹಿರಿಯರನ್ನು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ತೋರಿಸಬೇಕು, ಗೊಬ್ಬರ ತರಬೇಕು, ಬೀಗರನ್ನು ಬಿಟ್ಟು ಬರಬೇಕು. ‘ಹೆಂಗೂ ಲೈಸೆನ್ಸ್ ಐತೆಲ್ಲಾ, ನಡಿ’ ಎಂದು ಎಲ್ಲರೂ ಹತ್ತಿ ಕೂರುತ್ತಾರೆ. ಸ್ಟೇರಿಂಗ್ ಹಿಡಿದವರ ಅಂಗೈ ಮಾತ್ರ ಬೆವರುತ್ತಿರುತ್ತದೆ.

ಬೆವರುವುದು ಸಹಜವೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಡ್ರೈವಿಂಗ್ ಸ್ಕೂಲಿನ ಕಾರು ಕಲಿಕೆಗೆ ಕೇಳುವುದು ಕನಿಷ್ಠ 21 ದಿನ, ಗಾಡಿ ಓಡಿಸುವ ಅವಧಿ ಕನಿಷ್ಠ 10 ಗಂಟೆ. ಎಲ್‌ಎಲ್‌ಆರ್ ಸಿಕ್ಕ 30 ದಿನಗಳ ಬಳಿಕ ಪರೀಕ್ಷೆ. ಗಾಡಿ ಹಿಂದಕ್ಕೆ ತೆಗೆಯುವುದು, ಏರಿನಲ್ಲಿ ನಿಲ್ಲಿಸಿ ಎತ್ತುವುದು, ಸಿಗ್ನಲ್ ಕೊಡುವುದು ಬಂದರೆ ಪಾಸು. ಅಡ್ಡ ನುಗ್ಗುವ ಎಮ್ಮೆ, ಹಿಂಬದಿ ದೀಪವಿಲ್ಲದ ಟ್ರೇಲರ್, ರಸ್ತೆಯ ಅರ್ಧ ಭಾಗಕ್ಕೆ ಒಣಹಾಕಿದ ಗೋವಿನಜೋಳ ಪರೀಕ್ಷೆಗೆ ಬರುವುದಿಲ್ಲ.

ಅಂಜಿಕೆ ಒಮ್ಮೆಗೇ ಹೋಗಲಿ ಎಂದು ಮೊದಲ ವಾರವೇ ಹುಬ್ಬಳ್ಳಿ ಪೇಟೆಗೆ ಇಳಿಯುವವರಿದ್ದಾರೆ. ಅಂಜಿ ತಿಂಗಳುಗಟ್ಟಲೆ ಕೀಲಿ ಮುಟ್ಟದವರೂ ಇದ್ದಾರೆ. ಎರಡರಿಂದಲೂ ಕೈ ಕುದುರದು. ಒಂದು ಸಲಕ್ಕೆ ಒಂದೇ ಹೊಸ ಕಷ್ಟವನ್ನು ಎದುರಿಗಿಟ್ಟುಕೊಂಡು, ಅದು ರೂಢಿಯಾದ ಮೇಲೆ ಮುಂದಿನದಕ್ಕೆ ಹೋಗಬೇಕು. ತಂಬೂರಿನವರಿಗೆ ಇದು ಸಲೀಸು: ಊರ ದಾರಿ, ಹೆದ್ದಾರಿ, ಪೇಟೆ ಒಂದೇ ಪಯಣದಲ್ಲಿ ಸಾಲಾಗಿ ಸಿಗುತ್ತವೆ.

ಮೊದಲು ಊರ ದಾರಿ

ಕೆರೆ, ಬಸವಣ್ಣನ ಗುಡಿ, ಕಾಡಿನ ಅಂಚು ಇರುವ ಈ ಅರೆಮಲೆನಾಡಿನ ರಸ್ತೆಗಳಲ್ಲಿ ಏರಿಳಿತ, ತಿರುವು ಹೆಚ್ಚು. ಮುಂಜಾನೆ ವಾಹನ ಕಡಿಮೆ. ಹೊಸಬರ ದೊಡ್ಡ ಭಯ, ಏರಿನಲ್ಲಿ ಗಾಡಿ ಬಂದ್ ಬೀಳುವುದು. ಅದನ್ನು ಖಾಲಿ ರಸ್ತೆಯಲ್ಲೇ ಗೆಲ್ಲಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಕ್ಲಚ್ ಸಾವಕಾಶ ಬಿಡುತ್ತ ಬಂದರೆ ಒಂದು ಹಂತದಲ್ಲಿ ಎಂಜಿನ್ನಿನ ದನಿ ದಪ್ಪಗಾಗುತ್ತದೆ, ಬಾನೆಟ್ ತುಸು ಮೇಲೇಳುತ್ತದೆ. ಕಾಲನ್ನು ಅಲ್ಲೇ ತಡೆದು, ಎಕ್ಸಲರೇಟರ್ ಕೊಂಚ ಒತ್ತಿ ಹ್ಯಾಂಡ್‌ಬ್ರೇಕ್ ಇಳಿಸಿದರೆ ಗಾಡಿ ಹಿಂದಕ್ಕೆ ಜಾರುವುದಿಲ್ಲ. ಇದು ಕಾಲಿಗೆ ರೂಢಿಯಾದ ಮೇಲೆ ಹಿಂದಿನವನ ಹಾರ್ನಿಗೆ ಎದೆ ಹಾರದು.

ಇಕ್ಕಟ್ಟಾದ ಕಡಿದಾದ ದಾರಿಯಲ್ಲಿ ಎದುರುಬದುರಾದರೆ ಇಳಿಯುವ ಗಾಡಿ ನಿಲ್ಲಬೇಕು, ಏರುವ ಗಾಡಿಗೆ ದಾರಿ ಬಿಡಬೇಕು. ನಿಯಮವೇ ಹಾಗಿದೆ. ಮುಂದೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟಕ್ಕೆ ಇಳಿಯುವಾಗ ಇದರ ಬೆಲೆ ತಿಳಿಯುತ್ತದೆ.

ಹೆದ್ದಾರಿಯ ಲೆಕ್ಕ

ಕಲಘಟಗಿ ಮುಟ್ಟಿದರೆ ರಾಷ್ಟ್ರೀಯ ಹೆದ್ದಾರಿ 52, ಹಳಬರ ಬಾಯಲ್ಲಿ ಕಾರವಾರ ರೋಡು. ಇಲ್ಲಿ ಧೈರ್ಯಕ್ಕಿಂತ ಲೆಕ್ಕ ಮುಖ್ಯ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎನ್ನಿ. ನೀವು 50ರಲ್ಲಿ ಹಿಂದೆ ಹಾಕಲು ಹತ್ತಿರ ಹತ್ತಿರ 5 ಸೆಕೆಂಡು ಬೇಕು. ಅಷ್ಟರಲ್ಲಿ ನಿಮ್ಮ ಗಾಡಿ ಸುಮಾರು 70 ಮೀಟರ್ ಓಡಿರುತ್ತದೆ. ಎದುರಿನಿಂದ 60ರಲ್ಲಿ ಬರುವ ಲಾರಿ 80 ಮೀಟರ್ ಸಮೀಪಿಸಿರುತ್ತದೆ. ಎರಡೂ ಕೂಡಿದರೆ 150 ಮೀಟರ್, ಅದೂ ಕೂದಲೆಳೆ ಅಂತರದಲ್ಲಿ ಪಾರಾಗಲು. ಅದಕ್ಕಿಂತ ಸಾಕಷ್ಟು ಹೆಚ್ಚು ರಸ್ತೆ ಖಾಲಿ ಕಾಣದಿದ್ದರೆ ಟ್ರ್ಯಾಕ್ಟರ್ ಹಿಂದೆಯೇ ಇರುವುದು ವಾಸಿ.

2021ರ ಜನವರಿ 15ರಂದು ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ಇಟಿಗಟ್ಟಿ ಬಳಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಟೆಂಪೊ ಟ್ರಾವೆಲರ್‌ಗೂ ಟಿಪ್ಪರಿಗೂ ಡಿಕ್ಕಿಯಾದದ್ದನ್ನು ಈ ಭಾಗದವರು ಮರೆತಿಲ್ಲ. ಡಿವೈಡರ್ ಇಲ್ಲದ ಎರಡು ಪಥದ ರಸ್ತೆಯಲ್ಲಿ ತಪ್ಪು ಯಾರದೇ ಇರಲಿ, ಸರಿದುಕೊಳ್ಳಲು ಜಾಗ ಇರುವುದಿಲ್ಲ.

ಪೇಟೆಯ ಸರದಿ ಕೊನೆಗೆ. ಮೊದಲ ಸಲ ಭಾನುವಾರ ಬೆಳಿಗ್ಗೆ ಹೋಗಿ, ಚನ್ನಮ್ಮ ವೃತ್ತದಲ್ಲಿ ಯಾವ ದಾರಿ ಎತ್ತ ಹೋಗುತ್ತದೆ ಎಂದು ನೋಡಿಕೊಂಡು ಬರಬೇಕು. ಧಾರವಾಡದತ್ತ ಹೊರಟರೆ ನಡುವಿನ ಪಥ ಬಿಆರ್‌ಟಿಎಸ್‌ನ ‘ಚಿಗರಿ’ ಬಸ್ಸುಗಳಿಗೆ ಮೀಸಲು. ಖಾಲಿ ಇದೆ ಎಂದು ನುಗ್ಗುವಂತಿಲ್ಲ.

ಪಕ್ಕದ ಸೀಟಿನವರು

ಕಲಿತವರ ಕೈ ಕೆಡಿಸುವವರು ಎಷ್ಟೋ ಸಲ ಮನೆಯವರೇ. ಒಬ್ಬರು ‘ಬ್ರೇಕ್ ಹಿಡಿ’ ಎಂದರೆ ಇನ್ನೊಬ್ಬರು ‘ಹೊಡಿ, ಹೊಡಿ’ ಎನ್ನುತ್ತಾರೆ. ಮೊದಮೊದಲು ಅನುಭವಿ ಒಬ್ಬರೇ ಜೊತೆಗಿದ್ದರೆ ಸಾಕು. ‘ಗಡಬಡಿ ಮಾಡಬ್ಯಾಡ ತಂಗಿ, ಹಿಂದಿನವ ಹಾರ್ನ್ ಹೊಡದ್ರ ಹೊಡಕೊಳ್ಳಲಿ’ ಎನ್ನುವ ಕಾಕಾ ಸಿಕ್ಕರೆ ಪುಣ್ಯ.

ಜಪಾನಿನಲ್ಲಿ ಲೈಸೆನ್ಸ್ ಪಡೆದವರು ಒಂದು ವರ್ಷ ಕಾರಿಗೆ ಹಸಿರು–ಹಳದಿ ಎಲೆಯ ಗುರುತು ಅಂಟಿಸಲೇಬೇಕು. 1972ರಿಂದ ಈ ಪದ್ಧತಿ ಇದೆ. ಅಂಥ ಗಾಡಿಗೆ ಅಡ್ಡ ನುಗ್ಗುವವರಿಗೆ ದಂಡ. ನಮ್ಮಲ್ಲಿ ಕೆಂಪು ‘ಎಲ್’ ಕಿತ್ತ ದಿನದಿಂದ ಹೊಸಬರೂ ಹಳಬರೂ ರಸ್ತೆಯ ಕಣ್ಣಿಗೆ ಒಂದೇ. ಹಾಗಾಗಿ ತಮ್ಮ ಮಿತಿಯನ್ನು ತಾವೇ ಹಾಕಿಕೊಳ್ಳಬೇಕು: ಮೊದಲ ಕೆಲವು ತಿಂಗಳು ರಾತ್ರಿ ದೂರದ ಪಯಣ ಬೇಡ, ಜೋರು ಮಳೆಯಲ್ಲಿ ಹೆದ್ದಾರಿ ಬೇಡ, ನಿದ್ದೆಗೆಟ್ಟಾಗ ಕೀಲಿಯೇ ಬೇಡ. ‘ಇವತ್ತ ಬ್ಯಾಡ, ಮಳಿ ಭಾಳ ಐತಿ, ನಾಳೆ ಮುಂಜಾನಿ ಹೋಗೂಣು’ ಎಂದು ಹಿರಿಯರೆದುರೂ ಅಳುಕದೆ ಹೇಳಬಲ್ಲವರ ಗಾಡಿಯಲ್ಲಿ ಯಾರು ಬೇಕಾದರೂ ನಿಶ್ಚಿಂತೆಯಿಂದ ಕೂರಬಹುದು.