ಫುಟ್‌ಬಾಲ್: ವನಿತೆಯರ ಮೊಣಕಾಲಿಗೇ ಏಕೆ ಹೆಚ್ಚು ಪೆಟ್ಟು?

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ 2023ರಲ್ಲಿ ನಡೆದ ಮಹಿಳಾ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಇಂಗ್ಲೆಂಡ್ ನಾಯಕಿ ಲಿಯಾ ವಿಲಿಯಮ್ಸನ್ ಆಡಲಿಲ್ಲ. ಹಿಂದಿನ ವರ್ಷದ ಯೂರೋ ಕಪ್‌ನಲ್ಲಿ ಆರು ಗೋಲು ಬಾರಿಸಿ ಚಿನ್ನದ ಬೂಟು ಗೆದ್ದಿದ್ದ ಬೆತ್ ಮೀಡ್ ಅವರೂ ಇರಲಿಲ್ಲ. ನೆದರ್ಲೆಂಡ್ಸ್‌ನ ವಿವಿಯಾನೆ ಮೀಡೆಮಾ ಹಾಗೂ ಅಮೆರಿಕದ ಕ್ಯಾಟರಿನಾ ಮಕಾರಿಯೊ ಸಹ ಮನೆಯಲ್ಲೇ ಉಳಿದರು. ಎಲ್ಲರಿಗೂ ಕಾರಣ ಒಂದೇ: ಮೊಣಕಾಲಿನೊಳಗಿನ, ಎಸಿಎಲ್ ಎಂದು ಕರೆಯಲಾಗುವ ಅಸ್ಥಿರಜ್ಜು ಹರಿದಿತ್ತು. ಇವರಲ್ಲಿ ಮೊದಲ ಮೂವರು ಆರ್ಸೆನಲ್ ಎಂಬ ಒಂದೇ ಕ್ಲಬ್ಬಿನ ಆಟಗಾರ್ತಿಯರಾಗಿದ್ದು, ಅದೇ ಋತುವಿನಲ್ಲಿ ಪೆಟ್ಟು ತಿಂದವರು ಎಂಬುದು ಗಮನಾರ್ಹ.

ತೊಡೆಯ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಕೀಲಿನ ಒಳಗೆ ಅಡ್ಡಲಾಗಿ ಬಿಗಿದಿರುವ ಹುರಿಯೇ ಎಸಿಎಲ್. ಕಣಕಾಲು ಮುಂದಕ್ಕೆ ಜಾರದಂತೆ, ಮೊಣಕಾಲು ಮಿತಿಮೀರಿ ತಿರುಚದಂತೆ ಇದು ತಡೆಯುತ್ತದೆ. ಎದುರಾಳಿಯ ಒದೆತದಿಂದಲೇ ಇದು ತುಂಡಾಗುತ್ತದೆ ಎಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಬಹುಪಾಲು ಪ್ರಕರಣಗಳಲ್ಲಿ ಮೊಣಕಾಲಿಗೆ ಯಾರೂ ತಾಗಿಯೇ ಇರುವುದಿಲ್ಲ. ಓಡುತ್ತಾ ಥಟ್ಟನೆ ನಿಂತಾಗ, ದಿಕ್ಕು ಬದಲಿಸಿದಾಗ, ಜಿಗಿದು ಒಂಟಿಕಾಲಲ್ಲಿ ಇಳಿದಾಗ ಕ್ಷಣಾರ್ಧದಲ್ಲಿ ಅನಾಹುತ ಸಂಭವಿಸುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಮೈದಾನಕ್ಕೆ ಮರಳಲು ಸುಮಾರು ಒಂಬತ್ತು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು. ಮುಂದೆ ಅದೇ ಕೀಲಿಗೆ ಸಂಧಿವಾತ ಅಂಟಿಕೊಳ್ಳುವ ಅಪಾಯವೂ ಉಂಟು.

ಫುಟ್‌ಬಾಲ್ ಆಡುವ ಮಹಿಳೆಯರಲ್ಲಿ ಈ ಗಾಯದ ಪ್ರಮಾಣ ಪುರುಷರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚು. ಹಾಗೆಂದು ಪುರುಷರು ಗಾಯಗಳಿಂದ ಮುಕ್ತರೇನಲ್ಲ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಮತ್ತು ತೊಡೆಸಂದಿಯ ನೋವು ಅವರಲ್ಲೇ ಅಧಿಕ. ಮೊಣಕಾಲಿನ ವಿಷಯದಲ್ಲಿ ಮಾತ್ರ ತಕ್ಕಡಿ ಮತ್ತೊಂದು ಬದಿಗೆ ವಾಲುತ್ತದೆ.

ಎಳೆಯ ವಯಸ್ಸಿನ ಬಾಲಕ-ಬಾಲಕಿಯರ ನಡುವೆ ಈ ವ್ಯತ್ಯಾಸ ಅಷ್ಟಾಗಿ ಕಾಣದು. ಅದು ತಲೆದೋರುವುದು ಪ್ರೌಢಾವಸ್ಥೆಯಲ್ಲಿ. ಹುಡುಗರಲ್ಲಿ ಎತ್ತರ, ತೂಕಗಳ ಜತೆಗೆ ಟೆಸ್ಟೊಸ್ಟೆರಾನ್ ಕೃಪೆಯಿಂದ ಸ್ನಾಯುಬಲವೂ ವೇಗವಾಗಿ ಏರುತ್ತದೆ. ಹುಡುಗಿಯರಲ್ಲಿ ಕಾಲು ಉದ್ದವಾಗುತ್ತದೆ, ತೂಕ ಕೂಡುತ್ತದೆ, ಆದರೆ ಅದನ್ನು ಹಿಡಿದು ನಿಲ್ಲಿಸುವ ಬಲ ಅದೇ ವೇಗದಲ್ಲಿ ಬೆಳೆಯುವುದಿಲ್ಲ. ಸೊಂಟದ ಮೂಳೆ ಅಗಲವಾಗಿರುವುದರಿಂದ ತೊಡೆಯ ಮೂಳೆ ಮೊಣಕಾಲಿನತ್ತ ಹೆಚ್ಚು ಓರೆಯಾಗಿ ಇಳಿಯುತ್ತದೆ. ಎಸಿಎಲ್ ಸರಾಸರಿ ಚಿಕ್ಕದು. ಅದು ಹಾದುಹೋಗುವ ಮೂಳೆಯ ಸಂದು ಕೂಡ ಕಿರಿದು.

ಜಿಗಿದು ನೆಲಕ್ಕಿಳಿಯುವ ರೀತಿಯೂ ಬೇರೆ. ಅನೇಕ ಆಟಗಾರ್ತಿಯರು ಮೊಣಕಾಲನ್ನು ಸಾಕಷ್ಟು ಮಡಿಸದೆ ಇಳಿಯುತ್ತಾರೆ, ಮಂಡಿಗಳು ಒಳಕ್ಕೆ ಬಾಗುತ್ತವೆ. ತೊಡೆಯ ಮುಂಭಾಗದ ಸ್ನಾಯು ಕಣಕಾಲನ್ನು ಮುಂದಕ್ಕೆ ಸೆಳೆಯುವಾಗ, ಹಿಂದಕ್ಕೆ ಹಿಡಿಯಬೇಕಾದ ಹ್ಯಾಮ್‌ಸ್ಟ್ರಿಂಗ್ ತಡವಾಗಿ, ದುರ್ಬಲವಾಗಿ ಕೆಲಸ ಮಾಡಿದರೆ ಇಡೀ ಭಾರ ಆ ಸಣ್ಣ ಹುರಿಯ ಮೇಲೆ ಬೀಳುತ್ತದೆ. ಋತುಚಕ್ರದ ವೇಳೆ ಈಸ್ಟ್ರೊಜೆನ್ ಏರಿಳಿತವು ರಜ್ಜುಗಳನ್ನು ಸಡಿಲಗೊಳಿಸುತ್ತದೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಆದರೂ ಲಂಡನ್ನಿನ ಚೆಲ್ಸಿ ಕ್ಲಬ್ 2020ರಷ್ಟು ಹಿಂದೆಯೇ ತನ್ನ ಆಟಗಾರ್ತಿಯರ ತರಬೇತಿಯನ್ನು ಋತುಚಕ್ರಕ್ಕೆ ಹೊಂದಿಸತೊಡಗಿತ್ತು.

ಎಲ್ಲವನ್ನೂ ದೇಹರಚನೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಅದು ನ್ಯಾಯವಲ್ಲ. ಗಂಡುಮಕ್ಕಳು ಹದಿಹರೆಯದಲ್ಲೇ ಜಿಮ್ ಕಂಡರೆ, ಹೆಣ್ಣುಮಕ್ಕಳಿಗೆ ಭಾರ ಎತ್ತುವ ತರಬೇತಿ ಎಷ್ಟೋ ಕಡೆ ತಡವಾಗಿ ದೊರೆಯುತ್ತದೆ. ಬೂಟುಗಳನ್ನೂ ದಶಕಗಳ ಕಾಲ ಪುರುಷರ ಪಾದದ ಅಚ್ಚಿನಲ್ಲೇ ತಯಾರಿಸಲಾಯಿತು. ಯುರೋಪಿಯನ್ ಕ್ಲಬ್‌ಗಳ ಸಂಘ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಉನ್ನತ ಮಟ್ಟದ ಆಟಗಾರ್ತಿಯರ ಪೈಕಿ ಶೇ. 82ರಷ್ಟು ಮಂದಿ ಬೂಟಿನಿಂದ ನೋವು ಅಥವಾ ಕಿರಿಕಿರಿ ಅನುಭವಿಸಿದ್ದಾಗಿ ಹೇಳಿದ್ದಾರೆ.

ಮೂಳೆಯ ಆಕಾರ ಬದಲಿಸಲಾಗದು. ನೆಲಕ್ಕಿಳಿಯುವ ಕ್ರಮವನ್ನು ಮಾತ್ರ ಕಲಿಸಬಹುದು. ಇದಕ್ಕೆ ಬಲವಾದ ಸಾಕ್ಷ್ಯ ದೊರೆತದ್ದು ಸ್ವೀಡನ್ನಿನಿಂದ. ಅಲ್ಲಿ 12ರಿಂದ 17 ವರ್ಷದೊಳಗಿನ 4,564 ಬಾಲಕಿಯರನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ತಂಡಗಳು ವಾರಕ್ಕೆರಡು ಬಾರಿ, ತಲಾ 15 ನಿಮಿಷ ವಿಶೇಷ ವ್ಯಾಯಾಮ ಮಾಡಿದವು. ಒಂಟಿಕಾಲಿನ ಬೈಠಕ್, ಸೊಂಟ ಎತ್ತುವುದು, ಮುಂಗೈ ಊರಿ ದೇಹವನ್ನು ನೇರವಾಗಿ ಹಿಡಿಯುವುದು, ಸರಿಯಾಗಿ ಜಿಗಿದು ಇಳಿಯುವುದು ಇತ್ಯಾದಿ ಒಟ್ಟು ಆರು ಬಗೆ. ಈ ಗುಂಪಿನಲ್ಲಿ ಎಸಿಎಲ್ ಗಾಯದ ಪ್ರಮಾಣ ಶೇ. 64ರಷ್ಟು ಕಡಿಮೆಯಾಯಿತು. ಗಾಯಗೊಂಡವರು ಎರಡೂ ಗುಂಪು ಸೇರಿ 21 ಮಂದಿಯಷ್ಟೇ ಎಂಬುದನ್ನು ಮರೆಯುವಂತಿಲ್ಲ. ಆದರೆ ಇತರ ಅಧ್ಯಯನಗಳೂ ಇದೇ ದಿಕ್ಕನ್ನು ತೋರುತ್ತವೆ. ನಾರ್ವೆಯ ಬಾಲಕಿಯರ ಕ್ಲಬ್‌ಗಳಲ್ಲಿ 'ಫಿಫಾ 11 ಪ್ಲಸ್' ಎಂಬ 20 ನಿಮಿಷಗಳ ಕ್ರಮವನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಟ್ಟಾರೆ ಗಾಯಗಳು ಸುಮಾರು ಮೂರನೇ ಒಂದರಷ್ಟು ಇಳಿದಿದ್ದವು.

ಈ ಕ್ರಮಗಳಿಗೆ ಯಂತ್ರ ಬೇಡ, ಹಣ ಬೇಡ. ಬೇಕಾದದ್ದು ತರಬೇತುದಾರರ ಕಣ್ಣು. ಮಂಡಿ ಪಾದದ ಬೆರಳುಗಳ ನೇರಕ್ಕಿದೆಯೇ, ಒಳಕ್ಕೆ ಬಾಗುತ್ತಿದೆಯೇ ಎಂದು ಪ್ರತಿ ಬಾರಿಯೂ ನೋಡಿ ತಿದ್ದಬೇಕು. ಋತುವಿನ ಆರಂಭದಲ್ಲಿ ಉತ್ಸಾಹದಿಂದ ಶುರುಮಾಡಿ, ಪಂದ್ಯಗಳು ಬಿರುಸಾದಂತೆ ಕೈಬಿಡುವ ತಂಡಗಳಿಗೆ ಇದರ ಫಲ ದಕ್ಕುವುದಿಲ್ಲ. ಸ್ವೀಡನ್ನಿನ ಅಧ್ಯಯನದಲ್ಲೂ ವಾರಕ್ಕೊಮ್ಮೆಯಾದರೂ ತಪ್ಪದೆ ಅಭ್ಯಾಸ ಮಾಡಿದ ಬಾಲಕಿಯರಿಗೇ ಹೆಚ್ಚಿನ ರಕ್ಷಣೆ ದೊರೆತಿತ್ತು.