ಹತ್ತು ಪೌಂಡಿನ ಟ್ರಾಮು

ಟ್ರಾಮಿನ ಹೆಸರೆತ್ತಿದರೆ ಸಾಕು, ನಮ್ಮ ಹಿರಿಯರ ಮುಖ ಅರಳುತ್ತದೆ. ದಾದರ, ಪರಳಗಳ ಒಂದು ಕೋಣೆಯ ಸಂಸಾರ ಬಿಟ್ಟು ಠಾಣೆ, ಡೊಂಬಿವಲಿ, ಕಲ್ಯಾಣಗಳಿಗೆ ಸರಿದ ತಲೆಮಾರು ಅದು. ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮು ಹೊರಟದ್ದು 1874ರ ಮೇ 9ರಂದು. ವಿದ್ಯುತ್ತಿನದು 1907ರ ಮೇ 7ರಂದು. 1964ರ ಮಾರ್ಚಿ 31ರ ರಾತ್ರಿ ಬೋರಿಬಂದರದಿಂದ ದಾದರಕ್ಕೆ ಹೋದದ್ದೇ ಕಡೆಯ ಗಾಡಿ. ಅಂದು ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ.

ವಿಚಿತ್ರವೆಂದರೆ, ಅದೇ 1964ರಲ್ಲಿ ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತದ ಕ್ರಿಚ್ ಎಂಬ ಹಳ್ಳಿಯಲ್ಲಿ, ಕಲ್ಲುಗಣಿಯೊಂದರ ಮಗ್ಗುಲಲ್ಲಿ, ವಿದ್ಯುತ್ ಟ್ರಾಮು ಹೊಸದಾಗಿ ಓಡತೊಡಗಿತು. ಓಡಿಸಿದವರು ಕಂಪನಿಯವರಲ್ಲ, ಸರಕಾರದವರೂ ಅಲ್ಲ. ರಜೆಯ ದಿನ ಬಂದು ಸಂಬಳವಿಲ್ಲದೆ ದುಡಿಯತಕ್ಕ ಗೆಳೆಯರು.

ಇದರ ಮೊದಲು ಹೀಗೆ. ಸೌತಾಂಪ್ಟನ್ ನಗರವು ಟ್ರಾಮುಗಳನ್ನು ಕೈಬಿಡುತ್ತಿದ್ದ 1948ರಲ್ಲಿ, ಕಡೆಯ ಸಲ ಸವಾರಿ ಮಾಡಿಬರೋಣವೆಂದು ಕೆಲವರು ಹೋಗಿದ್ದರು. ಗಾಡಿಗಳೆಲ್ಲ ಗುಜರಿಗೆ ಹೋಗುವುವೆಂದು ತಿಳಿದಾಗ ಮನಸ್ಸು ತಡೆಯದೆ 45ನೆಯ ನಂಬರಿನದನ್ನು ಹತ್ತು ಪೌಂಡಿಗೆ ಕೊಂಡೇಬಿಟ್ಟರು. ಕೊಂಡದ್ದೇನೋ ಆಯಿತು, ಇಡುವುದೆಲ್ಲಿ? ಮನೆಯ ಹಿತ್ತಲಲ್ಲಿ ಕಟ್ಟಿಹಾಕಲು ಅದೇನು ಎಮ್ಮೆಯೇ? ಗಾಡಿ ವರ್ಷಗಟ್ಟಲೆ ಪರರ ಆಶ್ರಯದಲ್ಲಿ ನಿಂತಿತು. 1955ರಲ್ಲಿ ಇವರು ಸಂಘ ಕಟ್ಟಿದರು. 1959ರಲ್ಲಿ ಕ್ರಿಚ್ ಗಣಿಯ ಜಾಗ ದೊರೆಯಿತು. ಆ ಗಣಿಗೆ ಮೊದಲು ಹಳಿ ಹಾಕಿಸಿದವನು ಜಾರ್ಜ್ ಸ್ಟೀಫನ್ಸನ್. ಅವನ ಮಗ ರಾಬರ್ಟನ ಕೈಕೆಳಗೆ ಪಳಗಿದ ಜೇಮ್ಸ್ ಬರ್ಕ್ಲಿಯೇ ನಮ್ಮ ಠಾಣೆಗೆ 1853ರಲ್ಲಿ ರೈಲು ತಂದ ಇಂಜಿನಿಯರು! ಸಂಬಂಧ ದೂರದ್ದಾದರೂ ಹೇಳಿಕೊಳ್ಳಲು ನಮಗೆ ಸಂತೋಷ.

ಅಮೆರಿಕದ ಮೇನ್ ಸಂಸ್ಥಾನದವರು ಇನ್ನೂ ಮೊದಲೇ, 1939ರಲ್ಲಿ, 150 ಡಾಲರಿಗೆ ಒಂದು ಗಾಡಿ ಕೊಂಡು ಇದೇ ಹುಚ್ಚಿಗೆ ಬಿದ್ದಿದ್ದರು. ಅಲ್ಲಿ ಟ್ರಾಮಿಗೆ ಟ್ರಾಲಿ ಎನ್ನುತ್ತಾರೆ. ನಮ್ಮ ರೈಲ್ವೆಯವರು ಹಳಿಯ ಮೇಲೆ ತಳ್ಳಿಕೊಂಡು ಹೋಗುವ ಟ್ರಾಲಿ ಬೇರೆ. ಗಾಡಿಯ ನೆತ್ತಿಯಿಂದ ಮೇಲಿನ ತಂತಿಗೆ ಚಾಚಿದ ಕಂಬದ ತುದಿಯಲ್ಲಿ ಒಂದು ಪುಟ್ಟ ಗಾಲಿ ಇರುತ್ತದೆ; ಹೆಸರು ಬಂದದ್ದು ಅದರಿಂದ. ದಾರಿ ಮುಗಿದಲ್ಲಿ ಗಾಡಿ ತಿರುಗುವುದಿಲ್ಲ, ಕಂಬ ತಿರುಗಬೇಕು. ಹಗ್ಗ ಹಿಡಿದು ಅದನ್ನು ಹಿಂದುಮುಂದು ಮಾಡಿ, ಆ ಗಾಲಿ ತಂತಿಗೆ ಸರಿಯಾಗಿ ಕೂರುವಂತೆ ನೋಡಬೇಕು. ಡ್ರೈವರ ಒಂದು ತುದಿಯಿಂದ ಇನ್ನೊಂದು ತುದಿಗೆ ತನ್ನ ಹಿಡಿಕೆಯನ್ನು ಹೊತ್ತುಕೊಂಡು ನಡೆಯಬೇಕು. ಕಂಡಕ್ಟರ ಎರಡು ಸಲ ಗಂಟೆ ಬಾರಿಸಿದ ಮೇಲೆಯೇ ಗಾಡಿ ಹೊರಡತಕ್ಕದ್ದು. ಒಬ್ಬರಿಗೊಬ್ಬರು ಕಿವಿಗೊಡದೆ ನಡೆಯುವ ಕೆಲಸವೇ ಅಲ್ಲ ಇದು. ಪುಸ್ತಕ ಓದಿ ಬರುವ ವಿದ್ಯೆಯೂ ಅಲ್ಲ. ಬಲ್ಲವನ ಮಗ್ಗುಲಲ್ಲಿ ನಿಂತು ಕಲಿಯಬೇಕು. ಆದುದರಿಂದ ಎಪ್ಪತ್ತರ ಮುದುಕರೂ ಇಪ್ಪತ್ತರ ಹುಡುಗರೂ ಅಲ್ಲಿ ಸ್ನೇಹಿತರಾಗದೆ ಗತ್ಯಂತರವಿಲ್ಲ.

ಗಾಡಿಯ ಗೆಳೆತನ ನಮಗೆ ಹೊಸದೇನಲ್ಲ. ಕಲ್ಯಾಣದಿಂದ ಬೋರಿಬಂದರದವರೆಗೆ ಅದೇ ಡಬ್ಬಿ, ಅದೇ ಮೂಲೆ, ನಾಲ್ಕನೆಯವನಿಗೆ ಸೀಟಿನ ತುದಿ, ದಸರೆಯ ದಿನ ಡಬ್ಬಿಗೆ ಹೂವಿನ ಹಾರ—ಮೂವತ್ತು ವರ್ಷದ ಸ್ನೇಹ. ನಿವೃತ್ತಿಯಾಯಿತೋ, ಪಾಸಿನೊಂದಿಗೆ ಸ್ನೇಹವೂ ಮುಗಿಯಿತು; ಸಂಜೆ ಸ್ಟೇಷನ್ನಿನ ಬೆಂಚೇ ಗತಿ. ಕ್ರಿಚ್‌ನಂತಹ ಕಡೆ ನಿವೃತ್ತರ ಕೈಗೆ ಎಣ್ಣೆಯ ಡಬ್ಬಿ ಕೊಡುತ್ತಾರೆ. ಕಾರಖಾನೆಗಳಲ್ಲಿ, ಲೋಕೋ ಷೆಡ್ಡುಗಳಲ್ಲಿ ಆಯುಷ್ಯ ಸವೆಸಿದವರಿಗೆ ನಮ್ಮ ಊರುಗಳಲ್ಲಿ ಬರಗಾಲವೇ? ಅವರ ಕೈಯ ವಿದ್ಯೆಯನ್ನು ಕೇಳುವವರಿಲ್ಲ, ಅಷ್ಟೇ.

ನಮ್ಮ ದೇಶದಲ್ಲಿ ಈ ಬಗೆಯ ಸ್ನೇಹ ಕಂಡದ್ದು ಕಲಕತ್ತೆಯಲ್ಲಿ. ಮೆಲ್ಬೋರ್ನಿನ ಟ್ರಾಮ್ ಕಂಡಕ್ಟರ ರಾಬರ್ಟೊ ಡಿ'ಆಂಡ್ರಿಯಾ ಕಲಕತ್ತೆಯ ಟ್ರಾಮಿನವರೊಡನೆ ಬೆಳೆಸಿದ ಗೆಳೆತನದಿಂದ 1996ರಲ್ಲಿ ‘ಟ್ರಾಮ್‌ಜಾತ್ರಾ’ ಎಂಬ ಉತ್ಸವ ಹುಟ್ಟಿತು. ಗಾಡಿಗೆ ಚಿತ್ರ ಬರೆದು, ಹಾಡುತ್ತ ಊರು ಸುತ್ತಿಸಿದರು. 2014ರಲ್ಲಿ ಎಸ್ಪ್ಲನೇಡಿನಲ್ಲಿ ಒಂದು ಹಳೆಯ ಗಾಡಿಯೊಳಗೇ ‘ಸ್ಮರಣಿಕಾ’ ವಸ್ತುಸಂಗ್ರಹಾಲಯ ತೆರೆಯಿತು. 2024ರ ಸೆಪ್ಟೆಂಬರಿನಲ್ಲಿ ಸರಕಾರವು ಮೈದಾನ–ಎಸ್ಪ್ಲನೇಡ್ ದಾರಿಯೊಂದನ್ನು ಬಿಟ್ಟು ಮಿಕ್ಕವನ್ನು ನಿಲ್ಲಿಸುವುದಾಗಿ ಸಾರಿದಾಗ ಬೀದಿಗಿಳಿದವರು ಈ ಟ್ರಾಮಿನ ಗೆಳೆಯರೇ. ಮುಂಬಯಿಯಲ್ಲಿ 1964ರ ಆ ರಾತ್ರಿ ಜನ ಸೇರಿದ್ದರು, ಬೀಳ್ಕೊಟ್ಟರು, ಮನೆಗೆ ಹೋದರು.

ಹೀಗಾಗಿ ನಮಗೆ ಉಳಿದದ್ದು ಸ್ವಲ್ಪ. 2017ರಲ್ಲಿ ಫ್ಲೋರಾ ಫೌಂಟನ್ ಬಳಿ ನೆಲ ಅಗೆದಾಗ ಹಳೆಯ ಹಳಿಗಳು ಕಣ್ಣಿಗೆ ಬಿದ್ದುವು. 1984ರಲ್ಲಿ ಕುರ್ಲೆಯಲ್ಲಿ ಆರಂಭವಾಗಿ 1993ರಲ್ಲಿ ವಡಾಲೆಯ ಆಣಿಕ್ ಡಿಪೋಕ್ಕೆ ಬಂದ ಬೆಸ್ಟ್ ವಸ್ತುಸಂಗ್ರಹಾಲಯ ಒಂದಿದೆ. ನವಿ ಮುಂಬಯಿಯವರಿಗೆ ಹಾರ್ಬರ್ ಗಾಡಿಯಲ್ಲಿ ವಡಾಲೆಗೆ ನೇರ ದಾರಿ. ಡೊಂಬಿವಲಿ, ಕಲ್ಯಾಣದವರು ಕುರ್ಲೆಯಲ್ಲಿ ಇಳಿದು ಬದಲಿಸಬೇಕು. ತೆರೆದಿರುವ ದಿನವನ್ನು ಮೊದಲೇ ವಿಚಾರಿಸಿಕೊಂಡು, ಮನೆಯ ಅಜ್ಜನನ್ನು ಕರೆದೊಯ್ಯಿರಿ. ಅಲ್ಲಿ ಅವರು ಹೇಳುವುದನ್ನು ಮಕ್ಕಳು ಬರೆದುಕೊಳ್ಳಲಿ. ಪೆಟ್ಟಿಗೆಯ ತಳದಲ್ಲಿ ಹಳೆಯ ಟ್ರಾಮ್ ಟಿಕೀಟು ಸಿಕ್ಕಿದರೆ ಎಸೆಯಬೇಡಿ, ನಮಗೊಮ್ಮೆ ತೋರಿಸಿ.